ಗೋಡೆಯಕ್ಕನ ಮೊಣಕಾಲು

ಆ ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಗೋಡೆಯಕ್ಕ ಎಂದೇ ಕರೆಯುತ್ತಿದ್ದರು. ಮೈಕಟ್ಟು ನೋಡಿ ಇಟ್ಟ ಹೆಸರಲ್ಲ ಅದು; ಮೈಕಟ್ಟು ನೋಡಿದ್ದರೆ ಕಡ್ಡಿಯಕ್ಕ ಎನ್ನಬೇಕಾಗಿತ್ತು. ವಾಲಿಬಾಲ್ ಆಡುವಾಗ ಆಕೆ ಹಿಂದಿನ ಸಾಲಿನಲ್ಲಿ ನಿಂತಳೆಂದರೆ ಚೆಂಡು ನೆಲ ಮುಟ್ಟುತ್ತಿರಲಿಲ್ಲ. ಎಡಕ್ಕೆ ಹೊಡೆದರೆ ಎಡಕ್ಕೇ ಇರುತ್ತಿದ್ದಳು, ಬಲಕ್ಕೆ ಹೊಡೆದರೆ ಅಲ್ಲೂ ಇರುತ್ತಿದ್ದಳು. ನೆಟ್ಟಿನ ಹತ್ತಿರ ಮೆಲ್ಲಗೆ ಬೀಳಿಸಿ ಜಾಣರಾಗಲು ಹೋದರೆ, ಹೊಟ್ಟೆಯ ಮೇಲೆ ಜಾರಿಕೊಂಡು ಬಂದು ಚೆಂಡಿನ ಕೆಳಗೆ ಅಂಗೈ ತೂರಿಸುತ್ತಿದ್ದಳು.

ಪಂದ್ಯ ವರ್ಷಕ್ಕೊಂದೇ. ಅತಿಥಿಗಳು ಕಡಿಮೆ ಬರುವ ವಾರ ನೋಡಿಕೊಂಡು, ಹಿಂಬದಿಯಲ್ಲಿ ಸಾಮಾನಿನ ಲಾರಿಗಳು ನಿಲ್ಲುವ ಅಂಗಳದಲ್ಲಿ ಲಾಂಡ್ರಿಯವರಿಗೂ ಅಡುಗೆಮನೆಯವರಿಗೂ ನಡೆಯುತ್ತಿತ್ತು. ಸೋತವರು ಗೆದ್ದವರ ಅತಿ ಕೆಟ್ಟ ಕೆಲಸವನ್ನು ಒಂದು ದಿನದ ಮಟ್ಟಿಗೆ ಮಾಡಿಕೊಡಬೇಕು. ಲಾಂಡ್ರಿ ಸೋತರೆ ತಳ ಹಿಡಿದ ಪಾತ್ರೆಗಳನ್ನು ಉಜ್ಜಬೇಕು. ಅಡುಗೆಮನೆ ಸೋತರೆ ರಾಶಿ ಬಿದ್ದ ಬೆಡ್‌ಶೀಟುಗಳನ್ನು ಮಡಚಬೇಕು. ಗೋಡೆಯಕ್ಕ ಆಡಲು ಶುರುಮಾಡಿದ ಮೇಲೆ ಲಾಂಡ್ರಿ ಸೋತದ್ದನ್ನು ಕಂಡವರಿಲ್ಲ. ಹಾಗಾಗಿ ಅಡುಗೆಮನೆಯವರು ಬೆಡ್‌ಶೀಟ್ ಮಡಚುವುದರಲ್ಲಿ ಎಷ್ಟು ಪಳಗಿದ್ದರೆಂದರೆ, ಕೆಲಸ ಹೋದರೆ ಅದರಲ್ಲೇ ಹೊಟ್ಟೆ ಹೊರೆದುಕೊಳ್ಳಬಹುದಾಗಿತ್ತು.

ಈ ವರ್ಷದ ಪಂದ್ಯ ಆಕೆಯ ಕೊನೆಯ ಪಂದ್ಯ. ಆ ತಿಂಗಳು ಮುಗಿದರೆ ಕೆಲಸದಿಂದ ನಿವೃತ್ತಿ. ಗೆಲುವಿನ ಚಿಂತೆ ಆಕೆಗೆ ಅಷ್ಟಾಗಿ ಇರಲಿಲ್ಲ. ಮೊದಲ ಸರ್ವ್‌ನಿಂದ ಕೊನೆಯ ಪಾಯಿಂಟಿನವರೆಗೆ ಅಂಗಳದಲ್ಲೇ ಇರಬೇಕು, ಆಮೇಲೆ ತನ್ನ ಕಾಲಿನ ಮೇಲೆ ತಾನೇ ನಡೆದು ಹೊರಗೆ ಬರಬೇಕು, ಅಷ್ಟೇ. ಲಾಂಡ್ರಿಯ ಹಿಂದಿನ ನಾಯಕ ತನ್ನ ಕೊನೆಯ ಪಂದ್ಯದ ನಡುವೆ ಸೊಂಟ ಹಿಡಿದುಕೊಂಡು ಕುಸಿದಿದ್ದ. ಇಬ್ಬರು ಕಂಕುಳಿಗೆ ಕೈ ಕೊಟ್ಟು ಎಳೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದ್ದರು. ಅವನು ಅದುವರೆಗೆ ಹೊಡೆದ ಒಂದು ಹೊಡೆತವೂ ಈಗ ಯಾರಿಗೂ ನೆನಪಿಲ್ಲ. ಆ ಕುರ್ಚಿ ಮಾತ್ರ ನೆನಪಿದೆ. ಗೋಡೆಯಕ್ಕನಿಗೆ ಆ ಕುರ್ಚಿಯ ಕನಸು ಬೀಳುತ್ತಿತ್ತು.

ಹೀಗಿರುವಾಗ, ಪಂದ್ಯಕ್ಕೆ ಸುಮಾರು ಒಂದು ತಿಂಗಳಿದೆ ಎನ್ನುವಾಗ, ಅಭ್ಯಾಸದಲ್ಲಿ ಹಿಂದಕ್ಕೆ ತಿರುಗಲು ಹೋಗಿ ಬಲ ಮೊಣಕಾಲಿನೊಳಗೆ ಏನೋ ಲಟಕ್ ಎಂದಿತು. ಮನೆಗೆ ಬರುವಷ್ಟರಲ್ಲಿ ಮೊಣಕಾಲು ಊದಿ ದುಂಡಗಾಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಎಂದು ಮಂಚದ ಮೇಲೆ ಬಿದ್ದು, ಮನೆಯವರ ಕೈಲಿ ಕಾಲು ಒತ್ತಿಸಿಕೊಳ್ಳುತ್ತಿದ್ದರು. ಗೋಡೆಯಕ್ಕನಿಗೆ ಆ ಭಾಗ್ಯವಿರಲಿಲ್ಲ, ಏಕೆಂದರೆ ಶತ್ರು ಮನೆಯಲ್ಲೇ ಇದ್ದಳು. ಅದೇ ಹೋಟೆಲಿನ ಅಡುಗೆಮನೆಯಲ್ಲಿ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದ ಸೊಸೆಯೇ ಅಡುಗೆಮನೆ ತಂಡದ ನಾಯಕಿ. ಎಗರಿ ಹೊಡೆದರೆ ಚೆಂಡಿಗೇ ಜ್ವರ ಬರಬೇಕು, ಅಂಥ ಕೈ ಅವಳದು. ಅತ್ತೆ ಸೊಸೆಗೆ ಜಗಳವೇನೂ ಇರಲಿಲ್ಲ. ಸ್ನಾನಕ್ಕೆ ಯಾರು ಮೊದಲು ಎನ್ನುವುದರಿಂದ ಹಿಡಿದು ದಿಂಬಿನ ಬಟ್ಟೆಯವರೆಗೆ ಇಬ್ಬರಿಗೂ ಹೊಂದಿಕೆಯಾಗಿತ್ತು. ಆದರೆ ಪಂದ್ಯದ ತಿಂಗಳು ಬಂತೆಂದರೆ ಇಬ್ಬರ ಬಾಯಿಗೂ ಬೀಗ. ಅಭ್ಯಾಸ ಹೇಗೆ ನಡೀತು ಎಂದು ಮನೆಯ ಯಜಮಾನರು ಮರೆತು ಕೇಳಿದರೂ ಇಬ್ಬರೂ ಒಟ್ಟಿಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಇನ್ನು ಮೊಣಕಾಲಿನ ಗುಟ್ಟನ್ನು ಈ ಸೊಸೆಯ ಮುಂದೆ ಬಿಟ್ಟುಕೊಡುವುದು ಉಂಟೇ?

ಅದಕ್ಕೆ ಗೋಡೆಯಕ್ಕ ಲಾಂಡ್ರಿಯಲ್ಲೇ ಪರಿಹಾರ ಹುಡುಕಿದಳು. ಲಾಂಡ್ರಿ ಎಂದರೆ ಸೊಂಟ, ಭುಜ, ಮಣಿಕಟ್ಟುಗಳ ಸಂಸಾರ. ಅಲ್ಲಿ ಯಾರ ಜೇಬಿಗೆ ಕೈ ಹಾಕಿದರೂ ನೋವಿನ ಮಾತ್ರೆಯ ಒಂದು ಸ್ಟ್ರಿಪ್ ಸಿಗುತ್ತಿತ್ತು. ಮಡಚುವ ಮೇಜಿನ ಹೆಂಗಸು ಹಳದಿ ಮಾತ್ರೆ ಕೊಟ್ಟು, "ನನ್ನ ಭುಜಕ್ಕೆ ಇದೇ ದೇವ್ರು" ಎಂದಳು. ಒಗೆಯುವ ಯಂತ್ರದ ಮೇಸ್ತ್ರಿ ಕೆಂಪು ಮಾತ್ರೆ ಕೊಟ್ಟು, "ಅದೆಲ್ಲ ಮಕ್ಕಳಾಟ, ಇದು ನೋಡಿ" ಎಂದ. ಗಾಡಿ ತಳ್ಳುವವನ ಹತ್ತಿರ ಬಿಳಿಯದಿತ್ತು, ಸ್ವಲ್ಪ ದಪ್ಪ. ಗೋಡೆಯಕ್ಕ ಯಾರ ಮನಸ್ಸನ್ನೂ ನೋಯಿಸಲಿಲ್ಲ, ಎಲ್ಲರ ಹತ್ತಿರವೂ ತೆಗೆದುಕೊಂಡಳು.

ಹಾಗೆಂದು ಆಕೆ ಕಣ್ಣು ಮುಚ್ಚಿಕೊಂಡು ನುಂಗಿದಳು ಎನ್ನುವಂತಿಲ್ಲ. ಯೋಚನೆ ಮಾಡಿಯೇ ನುಂಗಿದಳು. ಯೋಚನೆಯೇ ಎಡವಟ್ಟಾಗಿತ್ತು ಅಷ್ಟೇ. ಒಂದೇ ಮಾತ್ರೆಯನ್ನು ಮೇಲಿಂದ ಮೇಲೆ ತಿಂದರೆ ಅತಿಯಾಗುತ್ತದೆ, ಅದು ಆಕೆಗೂ ಗೊತ್ತಿತ್ತು. ಅದಕ್ಕೆ ಬೆಳಿಗ್ಗೆ ಹಳದಿ, ಮಧ್ಯಾಹ್ನ ಕೆಂಪು, ಸಂಜೆ ಬಿಳಿ. ಯಾವುದೂ ದಿನಕ್ಕೆ ಒಂದಕ್ಕಿಂತ ಹೆಚ್ಚಿಲ್ಲ. ಮೂರು ಬಟ್ಟೆಗೆ ಮೂರು ಬಗೆಯ ಸೋಪು ಹಾಕಿದ ಹಾಗೆ ಎಂದುಕೊಂಡಳು. ಸಾಲದ್ದಕ್ಕೆ, ಯಾರೂ ನೋಡಬಾರದೆಂದು ಬೆಳಗಿನದನ್ನು ಬಚ್ಚಲುಮನೆಯಲ್ಲಿ ಬರಿಹೊಟ್ಟೆಯಲ್ಲೇ ನಲ್ಲಿ ನೀರಿನ ಜೊತೆ ನುಂಗುತ್ತಿದ್ದಳು.

ಮೊಣಕಾಲು ತಣ್ಣಗಾಯಿತು. ಎಷ್ಟು ತಣ್ಣಗಾಯಿತೆಂದರೆ ಆಕೆ ಅಭ್ಯಾಸದಲ್ಲಿ ಮೊದಲಿಗಿಂತ ಹೆಚ್ಚು ಹಾರಿದಳು, ಬಿದ್ದಳು, ಜಾರಿದಳು. ರಾತ್ರಿ ಮಾತ್ರೆಯ ಗುಂಗು ಇಳಿದಾಗ ಮಾತ್ರ ಮೊಣಕಾಲು ತನ್ನ ಬಾಕಿಯನ್ನೆಲ್ಲ ಒಟ್ಟಿಗೆ ಕೇಳುತ್ತಿತ್ತು. ಆಗ ಯಜಮಾನರ ಕುತ್ತಿಗೆ ನೋವಿನ ಜೆಲ್ ಟ್ಯೂಬನ್ನು ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಎತ್ತಿಕೊಂಡು ಬರುತ್ತಿದ್ದಳು.

ಯಜಮಾನರು ಕೈಗಡಿಯಾರ ರಿಪೇರಿಯವರು. ಜೀವಮಾನವೆಲ್ಲ ತಲೆ ಬಗ್ಗಿಸಿ ಕೂತು ಕುತ್ತಿಗೆ ಹಿಡಿದುಕೊಂಡಿತ್ತು. ಕಣ್ಣು ಮಾತ್ರ ಚುರುಕು. ಒಂದು ದಿನ ತಿಂಡಿಯ ಹೊತ್ತಿಗೆ ಟ್ಯೂಬನ್ನು ಮೇಜಿನ ಮೇಲಿಟ್ಟು, "ನಾನು ಬುಡದಿಂದ ಹಿಂಡ್ತೀನಿ. ಇದನ್ನ ಯಾರೋ ನಡುವಿಗೆ ಹಿಂಡಿದಾರೆ, ಇನ್ಯಾರೋ ಕತ್ತಿಗೇ ಕೈ ಹಾಕಿದಾರೆ. ಈ ಮನೇಲಿ ನನ್ನ ಕುತ್ತಿಗೆಗಿಂತ ಟ್ಯೂಬಿನ ಕುತ್ತಿಗೆಗೇ ಜಾಸ್ತಿ ಕಷ್ಟ" ಎಂದರು.

"ಇಲಿ ಇರ್ಬೇಕು ಮಾವ" ಎಂದಳು ಸೊಸೆ, ತಲೆಯೆತ್ತದೆ.

"ಹೌದೌದು, ಇಲೀನೇ" ಎಂದಳು ಗೋಡೆಯಕ್ಕ, ಸೊಸೆಗೆ ಏನೂ ಅನುಮಾನವಿಲ್ಲವಲ್ಲ ಎಂದು ನಿಟ್ಟುಸಿರು ಬಿಡುತ್ತ.

ಮನೆಯೆಲ್ಲ ಜೆಲ್ಲಿನ ವಾಸನೆ ಹೊಡೆಯುತ್ತಿತ್ತು. ಗೋಡೆಯಕ್ಕನಿಗೆ ಅದು ತನ್ನ ಮೊಣಕಾಲಿನದೇ ಎಂಬ ಭಯ. ಅದಕ್ಕೆ ಸೊಸೆ ಹತ್ತಿರ ಬಂದರೆ ಸಾಕು, ಕಾಲಿಗೆ ಬುದ್ಧಿ ಹೇಳುತ್ತಿದ್ದಳು. ಸೊಸೆಯೂ ತನ್ನಿಂದ ಅಷ್ಟೇ ಅವಸರದಲ್ಲಿ ದೂರ ಹೋಗುತ್ತಿದ್ದಾಳೆ ಎನ್ನುವುದು ಆಕೆಯ ತಲೆಗೆ ಹೊಳೆಯಲೇ ಇಲ್ಲ.

ಒಂದೆರಡು ವಾರ ಕಳೆದ ಮೇಲೆ ಹೊಟ್ಟೆ ಶುರುವಾಯಿತು. ಎದೆಯ ಕೆಳಗೆ ಕೆಂಡ ಇಟ್ಟಂತೆ ಉರಿ. ಚಪ್ಪಲಿ ಬೇರೆ ಬಿಗಿಯಾಗತೊಡಗಿತು, ಸಂಜೆಯ ಹೊತ್ತಿಗೆ ಪಾದ ಊದಿಕೊಳ್ಳುತ್ತಿತ್ತು. ಗೋಡೆಯಕ್ಕ ಹೊಟ್ಟೆಯ ತಪ್ಪನ್ನು ಹೋಟೆಲಿನ ಸಿಬ್ಬಂದಿ ಊಟದ ಮೇಲೆ ಹಾಕಿದಳು. "ನಿಮ್ಮ ಅಡುಗೆಮನೆಯವರು ಊಟಕ್ಕೆ ಏನು ಹಾಕ್ತಾರೋ, ಎದೆ ಎಲ್ಲ ಉರೀತದೆ" ಎಂದು ಸೊಸೆಗೆ ಅಂದೂ ಬಿಟ್ಟಳು. ಸೊಸೆಯ ಮುಖ ಒಂದು ದಿನವಿಡೀ ದಪ್ಪಗಿತ್ತು.

ಪಂದ್ಯಕ್ಕೆ ಎರಡು ವಾರವಿರುವಾಗ ಲಾಂಡ್ರಿಯ ಜೇಬುಗಳೆಲ್ಲ ಖಾಲಿಯಾದವು. ಇನ್ನು ತಾನೇ ಕೊಳ್ಳಬೇಕು. ಮನೆಯ ಪಕ್ಕದ ಔಷಧಿ ಅಂಗಡಿಗೆ ಹೋದರೆ ಸುದ್ದಿ ತನಗಿಂತ ಮೊದಲು ಮನೆ ಸೇರುತ್ತದೆ. ಅದಕ್ಕೆ ಗೋಡೆಯಕ್ಕ ರೈಲ್ವೆ ಸೇತುವೆ ದಾಟಿ, ಯಾರೂ ಗುರುತಿನವರಿಲ್ಲದ ಬೀದಿಯ ಒಂದು ಸಣ್ಣ ಅಂಗಡಿ ಹುಡುಕಿಕೊಂಡು ಹೋದಳು. ಕನ್ನಡಕದ ಹುಡುಗಿಯೊಬ್ಬಳು ಬಿಳಿ ಕೋಟು ಹಾಕಿಕೊಂಡು ಕೌಂಟರಿನಲ್ಲಿದ್ದಳು. ಮುಂದೆ ತಲೆಗೆ ಬಟ್ಟೆ ಸುತ್ತಿಕೊಂಡ ಗಿರಾಕಿಯೊಬ್ಬಳು ನಿಂತಿದ್ದಳು.

"ಚೀಟಿ ಹಳೇದಾಯ್ತಲ್ಲ, ಡಾಕ್ಟ್ರು ಬರೆದಿದ್ದು ಐದು ದಿನಕ್ಕೆ ಮಾತ್ರ" ಎನ್ನುತ್ತಿದ್ದಳು ಅಂಗಡಿಯವಳು.

"ಭುಜ ಇನ್ನೂ ಎತ್ತಕ್ಕಾಗ್ತಿಲ್ಲ. ಇನ್ನೊಂದು ಸ್ಟ್ರಿಪ್ ಕೊಡಿ, ಪಂದ್ಯ ಆದ ಮೇಲೆ ಬಿಟ್ಬಿಡ್ತೀನಿ" ಎಂದಳು ಗಿರಾಕಿ.

ಆ ದನಿ ಗೋಡೆಯಕ್ಕನಿಗೆ ಗುರುತಾಯಿತು. ಹಿಂದೆ ಸರಿಯಬೇಕು ಎನ್ನುವಷ್ಟರಲ್ಲಿ ಗಿರಾಕಿ ತಿರುಗಿದಳು. ಅತ್ತೆ ಸೊಸೆ ಮುಖಾಮುಖಿಯಾದರು.

"ಅತ್ತೆ, ನೀವಿಲ್ಲಿ?"

"ಹತ್ತಿ ತಗೊಳ್ಳೋಕೆ ಬಂದೆ" ಎಂದಳು ಗೋಡೆಯಕ್ಕ. "ನೀನು?"

"ನಾನೂ ಹತ್ತಿನೇ."

"ಸೇತುವೆ ದಾಟ್ಕೊಂಡು?"

"ಇಲ್ಲಿ ಹತ್ತಿ ಚೆನ್ನಾಗಿರುತ್ತೆ ಅಂದ್ರು."

ಅಂಗಡಿಯ ಹುಡುಗಿ ಇಬ್ಬರನ್ನೂ ನೋಡಿದಳು. ಹತ್ತಿಯ ಕಡೆ ಕೈ ಚಾಚಲಿಲ್ಲ. "ಅಮ್ಮ, ನಿಮಗೂ ನೋವಿನ ಮಾತ್ರೆನಾ? ಯಾವ್ದು ತಗೋತಿದ್ರಿ?" ಎಂದಳು.

ಸುಳ್ಳು ಹೇಳಬಹುದಾಗಿತ್ತು. ಆದರೆ ಭುಜ ಎತ್ತಲಾಗದ ಸೊಸೆಯನ್ನು ಕಂಡು ಗೋಡೆಯಕ್ಕನಿಗೆ ಕೋಪವೂ ಕರುಳಿನ ಸಂಕಟವೂ ಒಟ್ಟಿಗೇ ಬಂದು, ಸುಳ್ಳು ಹೇಳುವ ಬುದ್ಧಿಯೇ ಓಡಲಿಲ್ಲ. ಚೀಲ ಬಿಚ್ಚಿ ಖಾಲಿಯಾಗಲಿದ್ದ ಸ್ಟ್ರಿಪ್ಪುಗಳನ್ನೆಲ್ಲ ಕೌಂಟರಿನ ಮೇಲೆ ಸುರಿದಳು. ಹಳದಿ, ಕೆಂಪು, ಬಿಳಿ.

ಹುಡುಗಿ ಒಂದೊಂದನ್ನೂ ಮಗುಚಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದಳು. "ಅಮ್ಮ, ಈ ಹಳದಿನೂ ಕೆಂಪೂ ಎರಡೂ ಡೈಕ್ಲೋಫೆನಾಕ್. ಒಂದೇ ಔಷಧಿ, ಕಂಪನಿ ಮಾತ್ರ ಬೇರೆ. ಈ ಬಿಳೀದು ಐಬುಪ್ರೊಫೆನ್, ಅದರ ತಂಗಿ ಇದ್ದ ಹಾಗೆ. ಇವನ್ನೆಲ್ಲ ಒಟ್ಟಿಗೆ ತಗೊಳ್ಳೋ ಹಾಗಿಲ್ಲ. ನೀವು ದಿನಾ ಎಷ್ಟು ತಗೋತಿದ್ರಿ?"

"ಒಂದೊಂದು" ಎಂದಳು ಗೋಡೆಯಕ್ಕ. ದನಿ ಕುಗ್ಗಿತ್ತು.

"ಬಿಪಿ ಏನಾದ್ರೂ ಇದೆಯಾ?"

"ಇದೆ" ಎಂದಳು ಸೊಸೆ, ಅತ್ತೆ ಬಾಯಿ ತೆರೆಯುವ ಮೊದಲೇ. "ಬಿಪಿ ಮಾತ್ರೆ ತಗೋತಾರೆ. ಹೊಟ್ಟೆ ಉರಿ ಇದೆ. ನಮ್ಮ ಊಟ ಸರಿಯಿಲ್ಲ ಅಂತ ನನ್ನನ್ನ ಬೈದ್ರು. ಪಾದ ಊದ್ಕೊಂಡಿದೆ, ಚಪ್ಪಲಿ ಬದಲಾಯಿಸಿದ್ದು ನೋಡಿದೀನಿ."

ಇಷ್ಟೆಲ್ಲ ನೋಡಿದ್ದಾಳಲ್ಲ ಎಂದು ಗೋಡೆಯಕ್ಕ ಬಾಯಿ ಬಿಟ್ಟುಕೊಂಡು ನಿಂತಳು. ಅಂಗಡಿಯ ಹುಡುಗಿ ಸ್ಟ್ರಿಪ್ಪುಗಳನ್ನೆಲ್ಲ ತನ್ನ ಕಡೆ ಎಳೆದುಕೊಂಡು, "ನಾನು ನಿಮ್ಮಿಬ್ಬರಿಗೂ ಕೊಡಲ್ಲ. ಎರಡು ಬಾಗಿಲು ಆಚೆ ಡಾಕ್ಟ್ರು ಕೂತಿದಾರೆ. ಇವತ್ತೇ ತೋರಿಸ್ಕೊಳ್ಳಿ" ಎಂದಳು.

ಡಾಕ್ಟರು ನಿಧಾನದ ಮನುಷ್ಯ. ಗೋಡೆಯಕ್ಕನ ಬಿಪಿ ನೋಡಿ ಹುಬ್ಬೇರಿಸಿದರು, ಇನ್ನೊಂದು ಸಲ ನೋಡಿದರು. ಮೊಣಕಾಲನ್ನು ಹಿಡಿದು ಮೆಲ್ಲಗೆ ತಿರುಗಿಸಿದರು. ಮಲ ಕಪ್ಪಗೆ ಹೋಗುತ್ತಿದೆಯೇ ಎಂದು ಸೊಸೆಯ ಎದುರಿಗೇ ಕೇಳಿದರು. ಇಲ್ಲ ಎಂದು ಗೋಡೆಯಕ್ಕ ಗೋಡೆ ನೋಡುತ್ತ ಹೇಳಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

"ಮಂಡಿಯ ಒಳಗೆ ಮೆತ್ತೆ ತರ ಒಂದು ಪದರ ಇರುತ್ತಮ್ಮ. ಅದು ಸವೆದಿದೆ, ಒಂದು ಕಡೆ ಸ್ವಲ್ಪ ಹರಿದಿರೋ ಹಾಗಿದೆ. ಮಾತ್ರೆ ಊತ ಇಳಿಸುತ್ತೆ, ನೋವು ತೆಗೆಯುತ್ತೆ. ಹರಿದಿದ್ದನ್ನ ಹೊಲಿಯಲ್ಲ. ನೋವಿಲ್ಲ ಅಂತ ನೀವು ಎಗರಾಡಿದ್ರಿ, ಒಳಗೆ ಇನ್ನಷ್ಟು ಹಾಳಾಗ್ತಾ ಇತ್ತು."

ಗೋಡೆಯಕ್ಕನಿಗೆ ತಟ್ಟನೆ ಇಸ್ತ್ರಿ ಯಂತ್ರ ನೆನಪಾಯಿತು. ರೋಲರ್ ಅತಿಯಾಗಿ ಕಾದರೆ ಅದರ ಎಚ್ಚರಿಕೆಯ ಗಂಟೆ ಕಿರ್ರೆಂದು ಕೂಗುತ್ತದೆ. ಒಬ್ಬ ಕೆಲಸಗಾರ ಆ ಸದ್ದು ತಡೆಯಲಾರದೆ ಗಂಟೆಗೆ ಟವೆಲು ಸುತ್ತಿಟ್ಟಿದ್ದ. ಅವತ್ತು ಬೆಡ್‌ಶೀಟುಗಳು ಒಂದರ ಹಿಂದೊಂದು ಕಂದು ಕಲೆಯಾಗಿ ಹೊರಬಂದಿದ್ದವು. ಅವನನ್ನು ಆಕೆ ಬಾಯಿಗೆ ಬಂದಂತೆ ಬೈದಿದ್ದಳು. ಈಗ ತನ್ನನ್ನು ಅಷ್ಟೇ ಚೆನ್ನಾಗಿ ಬೈಯುವವರು ಇಲ್ಲಿ ಯಾರೂ ಇರಲಿಲ್ಲ.

"ಈ ಮಾತ್ರೆ ಕೆಟ್ಟದ್ದಾ ಹಾಗಾದ್ರೆ?" ಎಂದಳು.

"ಕೆಟ್ಟದ್ದಲ್ಲ. ನಿಮ್ಮ ಸೊಸೆ ಚೀಟೀಲಿ ಐದು ದಿನ, ಊಟ ಆದ ಮೇಲೆ ಅಂತ ಬರೆದಿದ್ರಲ್ಲ, ಅದು ಸರಿಯಾದ ಬಳಕೆ. ಅದಾದ ಮೇಲೆ ಭುಜಕ್ಕೆ ವಿಶ್ರಾಂತಿ ಕೊಡದೆ ಇನ್ನೊಂದು ಸ್ಟ್ರಿಪ್ ಹುಡುಕ್ಕೊಂಡು ಹೋಗಿದ್ದು ತಪ್ಪು. ನಿಮ್ಮ ವಯಸ್ಸು, ಬಿಪಿ, ಈ ಹೊಟ್ಟೆಗೆ ಅದು ಬೇಡ. ಮೂತ್ರಪಿಂಡಕ್ಕೂ ಹೊರೆ. ಜೆಲ್ ಹಚ್ಚಿ, ಐಸ್ ಇಡಿ, ಪಟ್ಟಿ ಕಟ್ಟಿ, ತೊಡೆಗೆ ಬಲ ಬರೋ ವ್ಯಾಯಾಮ ಹೇಳಿಕೊಡ್ತೀನಿ. ಹೊಟ್ಟೆಗೆ ಬೇರೆ ಮಾತ್ರೆ ಬರೀತೀನಿ."

"ಪಂದ್ಯ?"

ಡಾಕ್ಟರು ಸೊಸೆಯ ಕಡೆ ನೋಡಿದರು. ಸೊಸೆ ನೆಲ ನೋಡಿದಳು. "ಎರಡು ವಾರ ನಾನು ಹೇಳಿದ್ದು ಮಾಡಿ, ಮತ್ತೆ ಬಂದು ತೋರಿಸಿ. ಊತ ಇಳಿದಿದ್ರೆ ನಿಂತು ಆಡಿ. ಎಗರೋದು, ಬೀಳೋದು ಬೇಡ. ಒಂದು ಸಲ ಮೊಣಕಾಲೂರಿ ಬಿದ್ರೆ ನಿಮ್ಮನ್ನ ಎತ್ಕೊಂಡೇ ಬರಬೇಕಾಗುತ್ತೆ. ಮುಖ್ಯ, ಅವತ್ತು ಮಾತ್ರೆ ತಿನ್ನಬೇಡಿ. ನೋವು ಇರ್ಲಿ. ಎಲ್ಲಿ ನಿಲ್ಲಬೇಕು ಅಂತ ಅದೇ ಹೇಳುತ್ತೆ."

ಇಬ್ಬರೂ ಒಟ್ಟಿಗೆ ಸೇತುವೆ ಹತ್ತಿದರು. ನಡುವಿಗೆ ಬಂದಾಗ ಗೋಡೆಯಕ್ಕ ಕೇಳಿದಳು.

"ಭುಜ ಯಾವಾಗಿಂದ?"

"ನೀವು ಇಲಿ ಅಂದ್ರಲ್ಲ, ಅದಕ್ಕೂ ಮುಂಚೆ."

"ಇಲಿ ಅಂದಿದ್ದು ನೀನು."

ಸೊಸೆ ಕಿಸಕ್ಕೆಂದಳು. ಗೋಡೆಯಕ್ಕನಿಗೂ ತಡೆಯಲಾಗಲಿಲ್ಲ. ಸೇತುವೆಯ ಕಂಬಿ ಹಿಡಿದುಕೊಂಡು, ಉರಿಯುವ ಹೊಟ್ಟೆಯನ್ನು ಒತ್ತಿಕೊಂಡು ನಕ್ಕಳು. ನಕ್ಕು ಸುಸ್ತಾದ ಮೇಲೆ ಕಣ್ಣೊರೆಸಿಕೊಂಡು, "ನಿಮ್ಮವರಿಗೆ ನನ್ನ ಕಾಲಿನ ವಿಷಯ ಹೇಳ್ತೀಯೇನೇ?" ಎಂದಳು.

"ನೀವು ನನ್ನ ಭುಜದ ವಿಷಯ ಹೇಳ್ತೀರಾ?"

ಗೋಡೆಯಕ್ಕ ತನ್ನ ಬಾಯಿಗೆ ಬೀಗ ಹಾಕಿದಂತೆ ಬೆರಳು ತಿರುಗಿಸಿದಳು, ಸೊಸೆಯೂ ಹಾಗೇ ಮಾಡಿದಳು.

ಅಂದಿನಿಂದ ಸಂಜೆಯಾದರೆ ಊಟದ ಮೇಜಿನ ಒಂದು ಕಡೆ ಅತ್ತೆ ಕಾಲು ಚಾಚಿಕೊಂಡು, ಇನ್ನೊಂದು ಕಡೆ ಸೊಸೆ ಭುಜ ಬಿಟ್ಟುಕೊಂಡು, ಇಬ್ಬರೂ ಐಸ್ ಚೀಲ ಇಟ್ಟುಕೊಂಡು ಕೂರುತ್ತಿದ್ದರು. ಯಜಮಾನರಿಗೆ ಅವರ ಟ್ಯೂಬು ಬಹಿರಂಗವಾಗಿಯೇ ಕೈತಪ್ಪಿತು. ರಾತ್ರಿ ಬಸ್ಸು ಓಡಿಸಲು ಹೊರಟ ಮಗ ಇಬ್ಬರನ್ನೂ ನೋಡಿ, "ಇದು ಮನೆನೋ ಆಸ್ಪತ್ರೆನೋ" ಎಂದು ಗೊಣಗಿಕೊಂಡು ಹೋದ. ಗೋಡೆಯಕ್ಕನ ಹೊಟ್ಟೆಯ ಉರಿ ನಾಲ್ಕಾರು ದಿನದಲ್ಲಿ ತಗ್ಗಿತು, ಪಾದ ಚಪ್ಪಲಿಗೆ ಮತ್ತೆ ಹೊಂದಿತು. ಮೊಣಕಾಲಿನ ಊತವೂ ಇಳಿಯಿತು. ನೋವು ಮಾತ್ರ ಇತ್ತು, ಹತ್ತುವಾಗ ಒಂದು ಥರ, ಇಳಿಯುವಾಗ ಇನ್ನೊಂದು ಥರ. ಮಾತ್ರೆ ನುಂಗುತ್ತಿದ್ದ ದಿನಗಳಲ್ಲಿ ಗೊತ್ತೇ ಆಗದಿದ್ದ ಎಷ್ಟೋ ಸಂಗತಿಗಳನ್ನು ಅದು ಆಕೆಗೆ ಹೇಳತೊಡಗಿತು. ಮತ್ತೆ ತೋರಿಸಿಕೊಂಡಾಗ ಡಾಕ್ಟರು ಅರೆಮನಸ್ಸಿನಿಂದ ಒಪ್ಪಿದರು.

ಪಂದ್ಯದ ಹಿಂದಿನ ದಿನ ಮಡಚುವ ಮೇಜಿನ ಹೆಂಗಸು ಗೋಡೆಯಕ್ಕನನ್ನು ಬೆಡ್‌ಶೀಟಿನ ರಾಶಿಯ ಹಿಂದೆ ಕರೆದುಕೊಂಡು ಹೋದಳು. "ಅಕ್ಕ, ನೀವು ಒಂದೇ ಮನೇಲಿರೋರು. ನಿಮ್ಮ ಸೊಸೆ ವೀಕ್ ಪಾಯಿಂಟ್ ಏನು ಹೇಳಿ, ಅಲ್ಲಿಗೇ ಹೊಡೆಯೋಣ."

"ಅವಳ ವೀಕ್ ಪಾಯಿಂಟ್ ನನ್ನ ಮಗ" ಎಂದಳು ಗೋಡೆಯಕ್ಕ. "ತಂದು ನೆಟ್ಟಿನ ಪಕ್ಕ ನಿಲ್ಲಿಸ್ತೀಯಾ?"

ಪಂದ್ಯದ ದಿನ ಅಂಗಳ ತುಂಬಿತ್ತು. ಲಾರಿಗಳನ್ನು ಆಚೆ ನಿಲ್ಲಿಸಿದ್ದರು. ಸಾಮಾನು ಇಳಿಸುವ ಕಟ್ಟೆಯ ಮೇಲೆ ಕಚೇರಿಯವರು, ಕಾವಲಿನವರು, ರೂಮು ಗುಡಿಸುವವರು ಕಾಲು ಇಳಿಬಿಟ್ಟುಕೊಂಡು ಕೂತಿದ್ದರು. ಯಜಮಾನರು ಕುತ್ತಿಗೆಗೆ ಪಟ್ಟಿ ಹಾಕಿಕೊಂಡೇ ಬಂದು ನಡುವೆ ಜಾಗ ಹಿಡಿದಿದ್ದರು. ಗೋಡೆಯಕ್ಕ ಮೊಣಕಾಲಿನ ಪಟ್ಟಿಯ ಮೇಲೆ ಉದ್ದ ಚಡ್ಡಿ ಎಳೆದುಕೊಂಡು ನಿಂತಿದ್ದಾಗ ಒಗೆಯುವ ಯಂತ್ರದ ಮೇಸ್ತ್ರಿ ಪಕ್ಕಕ್ಕೆ ಬಂದು, ಅಂಗೈಯಲ್ಲಿ ಏನೋ ಇಟ್ಟ. ಕೆಂಪು ಮಾತ್ರೆ.

"ಒಂದೇ ಒಂದು. ಪಂದ್ಯ ಮುಗಿಯೋ ತನಕ ತಡೆಯುತ್ತೆ. ಕೊನೇ ಸಲ ಅಕ್ಕ, ಯಾರು ನೋಡ್ತಾರೆ."

ಯಾರೂ ನೋಡುತ್ತಿರಲಿಲ್ಲ ಎನ್ನುವುದು ನಿಜ. ಗೋಡೆಯಕ್ಕನಿಗೆ ಆಸೆಯಾಯಿತು. ಸುಳ್ಳೇಕೆ, ಬಾಯಲ್ಲಿ ನೀರೇ ಬಂತು. ಇದನ್ನು ನುಂಗಿದರೆ ಇನ್ನು ಅರ್ಧ ಗಂಟೆಯಲ್ಲಿ ಮೊಣಕಾಲಿನ ಬಾಯಿ ಮುಚ್ಚುತ್ತದೆ. ಹಳೆಯ ಹಾಗೆ ಹಾರಬಹುದು, ಜಾರಬಹುದು, ಜನ ಕೂಗುವುದನ್ನು ಕೇಳಬಹುದು. ಆಮೇಲೆ ಏನಾಗುತ್ತದೆ ಎನ್ನುವುದನ್ನು ಯೋಚಿಸಿದಳು. ಆ ಕುರ್ಚಿ ಕಣ್ಣಿಗೆ ಕಟ್ಟಿತು. ಮಾತ್ರೆಯನ್ನು ಮೇಸ್ತ್ರಿಯ ಜೇಬಿಗೇ ತುರುಕಿ, "ನಿನ್ನ ಹೊಟ್ಟೆ ಹೇಗಿದೆಯಪ್ಪ? ನೀನೂ ಡಾಕ್ಟ್ರಿಗೆ ತೋರಿಸ್ಕೋ" ಎಂದು ಅಂಗಳಕ್ಕೆ ಇಳಿದಳು.

ಆಟ ಶುರುವಾಯಿತು. ಸ್ವಲ್ಪ ಹೊತ್ತಿಗೇ ಗೋಡೆಯಕ್ಕನಿಗೆ ಏನೋ ಸರಿಯಿಲ್ಲ ಎನ್ನಿಸಿತು. ತನ್ನ ಕಡೆ ಬರುವ ಚೆಂಡುಗಳೆಲ್ಲ ಮೆತ್ತಗೆ, ಎದೆಯ ಮಟ್ಟಕ್ಕೆ, ನೇರ ಕೈಗೇ ಬಂದು ಬೀಳುತ್ತಿದ್ದವು. ಮೊದಲ ಸೆಟ್ ಲಾಂಡ್ರಿಗೆ ಬಂತು. ಎರಡನೆಯದರಲ್ಲೂ ಅದೇ ಕಥೆ, ಆದರೂ ಬೇರೆಯವರ ತಪ್ಪಿನಿಂದ ಅದು ಅಡುಗೆಮನೆಯ ಪಾಲಾಯಿತು. ಮೂರನೆಯ ಸೆಟ್ಟಿನ ಮೊದಲು ನೀರು ಕುಡಿಯುವ ನೆಪದಲ್ಲಿ ಆಕೆ ನೆಟ್ಟಿನ ಹತ್ತಿರ ಹೋದಳು.

"ಏನೇ ಇದು, ತಟ್ಟೆಯಲ್ಲಿಟ್ಟು ಬಡಿಸ್ತಿದ್ದೀಯ?"

"ಡಾಕ್ಟ್ರು ಎಗರಬೇಡಿ ಅಂದಿದಾರೆ ಅತ್ತೆ."

"ಡಾಕ್ಟ್ರು ನಿಮ್ಮ ಟೀಮಲ್ಲಿದಾರಾ? ನನ್ನ ಕಾಲು, ನಾನು ನೋಡ್ಕೋತೀನಿ. ನೀನು ಆಟ ಆಡು."

ಸೊಸೆ ಸೊಂಟದ ಮೇಲೆ ಕೈ ಇಟ್ಟಳು. "ನೀವು ಆಡ್ತಿದ್ದೀರಾ? ಇಷ್ಟು ಹೊತ್ತಿಗೆ ನನಗೊಂದು ಚೆಂಡು ಕಳ್ಸಿದ್ದೀರಾ ಹೇಳಿ. ಎಲ್ಲ ಆ ಕೇಕ್ ಮಾಡೋ ಅಣ್ಣನ ತಲೆ ಮೇಲೇನೇ. ಪಾಪ, ಅವರಿಗೆ ಉಸಿರಾಡೋಕೂ ಬಿಟ್ಟಿಲ್ಲ."

ಗೋಡೆಯಕ್ಕ ಕಣ್ಣು ಹಾಯಿಸಿದಳು. ಕೇಕ್ ಮಾಡುವ ದಪ್ಪ ಮನುಷ್ಯ ಮೊಣಕಾಲ ಮೇಲೆ ಕೈಯೂರಿ, ತಾನು ಯಾವ ಜನ್ಮದಲ್ಲಿ ಏನು ತಪ್ಪು ಮಾಡಿದ್ದೆನೋ ಎಂಬಂತೆ ಏದುಸಿರು ಬಿಡುತ್ತಿದ್ದ. ಹೌದು, ಆ ಭುಜದ ಕಡೆ ಚೆಂಡು ಎತ್ತಲು ತನಗೂ ಕೈ ಬಂದಿರಲಿಲ್ಲ. ಆಕೆಗೆ ನಗು ಬಂತು, ನಾಚಿಕೆಯೂ ಆಯಿತು.

"ಸರಿ" ಎಂದಳು. "ಇನ್ಮೇಲೆ ಇಲ್ಲ."

"ನನ್ನ ಕಡೆಯಿಂದಲೂ ಇಲ್ಲ."

ಆಮೇಲೆ ನಡೆದದ್ದು ಆಟ. ಗೋಡೆಯಕ್ಕ ಚೆಂಡನ್ನು ಸೊಸೆಯ ನೆತ್ತಿಯ ಮೇಲೆ ಎತ್ತೆತ್ತಿ ಕಳಿಸಿದಳು. ಸೊಸೆ ಹಲ್ಲು ಕಚ್ಚಿಕೊಂಡು ಇನ್ನೊಂದು ಕೈಯಲ್ಲಿ ತಿರುಗಿಸಿದಳು. ಸೊಸೆ ಎಡಕ್ಕೆ ಹಾಕಿದಳು, ಬಲಕ್ಕೆ ಹಾಕಿದಳು. ಗೋಡೆಯಕ್ಕ ಓಡಲಿಲ್ಲ, ಚೆಂಡು ಎಲ್ಲಿಗೆ ಬರುತ್ತದೆಂದು ಮೊದಲೇ ಊಹಿಸಿ ಅಲ್ಲಿಗೆ ನಡೆದು ನಿಂತಳು. ಮೊಣಕಾಲು ಪ್ರತಿ ತಿರುವಿಗೂ ಇಷ್ಟು ಸಾಕು, ಇಷ್ಟು ಬೇಡ ಎನ್ನುತ್ತಿತ್ತು, ಆಕೆ ಕೇಳುತ್ತಿದ್ದಳು. ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಯಜಮಾನರು ಯಾರ ಕಡೆ ಕೂಗಬೇಕೆಂದು ತಿಳಿಯದೆ ಇಬ್ಬರಿಗೂ ಕೂಗುತ್ತಿದ್ದರು.

ಕೊನೆಗೆ ಅಡುಗೆಮನೆಗೆ ಒಂದೇ ಪಾಯಿಂಟು ಬೇಕಾಯಿತು. ಸೊಸೆ ನೆಟ್ಟಿನ ಬಳಿ ಎಗರಿದಳು, ಕೈ ಹಿಂದಕ್ಕೆ ಹೋಯಿತು. ಲಾಂಡ್ರಿಯವರೆಲ್ಲ ಹಿಂದೆ ಸರಿದರು. ಅವಳು ಹೊಡೆಯಲಿಲ್ಲ. ಬೆರಳ ತುದಿಯಲ್ಲಿ ಚೆಂಡನ್ನು ಮುಟ್ಟಿ, ನೆಟ್ಟಿನ ಈಚೆ ಗೋಡೆಯಕ್ಕನ ಮುಂದೆ ಮೆಲ್ಲಗೆ ಇಳಿಬಿಟ್ಟಳು.

ಗೋಡೆಯಕ್ಕನ ಮೈಗೆ ಆ ಚೆಂಡು ಗೊತ್ತಿತ್ತು. ಸಾವಿರ ಸಲ ಎತ್ತಿದ ಚೆಂಡು ಅದು. ಕೈ ಮುಂದೆ ಹೋಯಿತು, ಎದೆ ಬಾಗಿತು, ಕಾಲು ನೆಲ ಒದೆಯಲು ಸಿದ್ಧವಾಯಿತು. ಬಿದ್ದರೆ ಸಿಗುತ್ತದೆ ಎನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಆಗ ಮೊಣಕಾಲಿನ ಒಳಗಿನಿಂದ ಚುಳುಕ್ ಎಂದು ಒಂದು ನೋವು ಎದ್ದು ತೊಡೆಯವರೆಗೆ ಹೋಯಿತು. ಆಕೆ ನಿಂತುಬಿಟ್ಟಳು.

ಚೆಂಡು ಆಕೆಯ ಎದುರಿಗೇ ನೆಲಕ್ಕೆ ಬಿತ್ತು. ಒಮ್ಮೆ ಪುಟಿಯಿತು, ಇನ್ನೊಮ್ಮೆ ಪುಟಿಯಿತು, ಉರುಳಿಕೊಂಡು ಹೋಯಿತು.

ಇಷ್ಟು ವರ್ಷ ಆಕೆ ಈ ಗಳಿಗೆಗೇ ಹೆದರಿದ್ದಳು. ಬಂದಾಗ ನೋಡಿದರೆ ಅದು ಅಷ್ಟೇನೂ ದೊಡ್ಡದಾಗಿರಲಿಲ್ಲ. ಚೆಂಡು ಬಿದ್ದಿತ್ತು, ಆಕೆ ನಿಂತಿದ್ದಳು. ಅಡುಗೆಮನೆಯವರು ಅಷ್ಟು ವರ್ಷಗಳ ಬೆಡ್‌ಶೀಟಿನ ಸೇಡನ್ನೆಲ್ಲ ಸೇರಿಸಿ ಬೊಬ್ಬೆ ಹೊಡೆಯುತ್ತ ಕೇಕ್ ಮಾಡುವವನನ್ನು ಎತ್ತಲು ನೋಡಿ, ಆಗದೆ ಇಳಿಸಿದರು. ಸೊಸೆ ಮಾತ್ರ ನೆಟ್ಟಿನ ಬಳಿಯೇ ಇದ್ದಳು. ಅವಳ ಕಣ್ಣು ತುಂಬಿತ್ತು.

"ಬೇಕಂತ ಬಿಟ್ರಾ?"

"ಬಿಟ್ಟೆ. ಅದು ನಿನ್ನ ಪಾಯಿಂಟು, ಚೆನ್ನಾಗಿ ಹಾಕಿದೆ" ಎಂದಳು ಗೋಡೆಯಕ್ಕ. "ಗೆದ್ದೋರು ಅಳ್ತಾರೇನೇ? ಹೋಗು, ಕುಣಿ."

ಸೊಸೆ ಹೋಗಲಿಲ್ಲ. ಗೋಡೆಯಕ್ಕ ತಿರುಗಿ ಅಂಗಳದ ಉದ್ದಕ್ಕೂ ನಿಧಾನವಾಗಿ ನಡೆದಳು. ಲಾಂಡ್ರಿಯವರು ದಾರಿ ಬಿಟ್ಟರು, ಕಟ್ಟೆಯ ಮೇಲಿನವರು ಚಪ್ಪಾಳೆ ತಟ್ಟಿದರು, ಯಜಮಾನರು ಕುತ್ತಿಗೆಯ ಪಟ್ಟಿ ಬಿಚ್ಚಿ ಗಾಳಿಯಲ್ಲಿ ಬೀಸುತ್ತಿದ್ದರು. ಯಾರೂ ಆಕೆಯನ್ನು ಹಿಡಿದಿರಲಿಲ್ಲ. ಹಿಂದೆಯೇ ಬರುತ್ತಿದ್ದ ಸೊಸೆಯ ಕೈ ಒಮ್ಮೆ ಮುಂದೆ ಬಂದು, ಹಿಡಿಯಬಾರದು ಎಂದು ನೆನಪಾದಂತೆ ಹಿಂದಕ್ಕೆ ಹೋಯಿತು. ಗೋಡೆಯಕ್ಕ ಅದನ್ನು ನೋಡಿದಳು.

ಕಟ್ಟೆಗೆ ಹತ್ತುವ ಮೆಟ್ಟಿಲು ಬಂತು. ಕಂಬಿ ಇರಲಿಲ್ಲ. ಗೋಡೆಯಕ್ಕ ಮೊದಲ ಮೆಟ್ಟಿಲ ಮುಂದೆ ನಿಂತು, ಎಲ್ಲರೂ ನೋಡುತ್ತಿರುವಂತೆಯೇ ಸೊಸೆಯ ಕಡೆ ತಿರುಗಿದಳು.

"ಮೆಟ್ಟಿಲು ಹತ್ತೋಕೆ ಕಷ್ಟ. ಕೈ ಕೊಡು" ಎಂದಳು.

ಸೊಸೆ ಓಡಿ ಬಂದು ಕೈ ಚಾಚಿದಳು. ಗೋಡೆಯಕ್ಕ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಅದಲ್ಲ ಕಣೇ, ಅದು ನೋಯೋ ಕೈ. ಆ ಕಡೆದು ಕೊಡು."